ಹೊಲಿಗೆ ಕುರ್ಚಿಯ ಎಡ ಹಿಂಗಾಲು

ವನಜಾಕ್ಷಿಯ ಕುರ್ಚಿ ಹಿಟ್ಟಿನ ಗಿರಣಿಯನ್ನು ದಾಟಿ ವೀರಾಚಾರಿಯ ಮರಗೆಲಸದ ಅಂಗಡಿಯ ಮುಂದೆ ಬಂದು ನಿಂತ ದಿನ, ಅದರ ಹಿಂದಿನ ಎಡಗಾಲು ಅಲುಗಾಡುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ಅದು ಅಲುಗಾಡುತ್ತಿರಲಿಲ್ಲವೋ, ನಾನೇ ನೋಡಿರಲಿಲ್ಲವೋ ಹೇಳಲಾರೆ. ನನ್ನ ಕೆಲಸ ಹಾಲಿನ ಡೇರಿಯಲ್ಲಿ, ಹಾಲಿಗೆ ನೀರು ಬೆರೆತಿದೆಯೇ ಎಂದು ಪರೀಕ್ಷಿಸುವುದು. ಒಮ್ಮೆ ನೋಡಿದ್ದನ್ನು ಇನ್ನೊಮ್ಮೆ ನೋಡದೆ ನನಗೆ ಸಮಾಧಾನವಿಲ್ಲ. ಮನೆಗೆ ಬೀಗ ಹಾಕಿ, ಬೀದಿಯ ಕೊನೆಯವರೆಗೆ ಹೋಗಿ, ಹಿಂದಕ್ಕೆ ಬಂದು ಬೀಗ ಎಳೆದು ನೋಡುವವನು ನಾನು. ಸಂಜೆ ಕಾಲೇಜಿಗೆ ಹೋಗಿ ಬಿ.ಎ. ಮುಗಿಸಿದರೆ ಈ ಸ್ವಭಾವ ಕಡಿಮೆಯಾದೀತು ಎಂದುಕೊಂಡಿದ್ದೆ. ಓದಿನಿಂದ ಹೆದರುವುದಕ್ಕೆ ಇನ್ನಷ್ಟು ಕಾರಣಗಳು ಸಿಕ್ಕವು, ಅಷ್ಟೆ.

ನಮ್ಮೂರಿನಲ್ಲಿ ಯಾರಿಗಾದರೂ ಎದೆಯ ತೊಂದರೆ ಇದೆ, ದೊಡ್ಡ ಡಾಕ್ಟರಿಗೆ ತೋರಿಸಬೇಕು ಎಂದು ಸಣ್ಣ ಡಾಕ್ಟರು ಹೇಳಿದರೆ, ಮನೆಯವರು ಅವರ ಕುರ್ಚಿಯನ್ನು ಹೊತ್ತು ತಂದು ಸಾಲಿನ ಕೊನೆಯಲ್ಲಿ ಇಡುತ್ತಾರೆ. ಸಾಲು ಗುಡ್ಡದ ಮೇಲಿನ ಹಾರ್ಟ್ ಆಸ್ಪತ್ರೆಯ ಬಾಗಿಲಿನಲ್ಲಿ ಶುರುವಾಗಿ, ಇಳಿಜಾರಿನಲ್ಲಿ ಇಳಿದು, ಮರಗೆಲಸದ ಅಂಗಡಿ, ಹಿಟ್ಟಿನ ಗಿರಣಿ, ಪೇಟೆಬೀದಿ, ಹುಡುಗಿಯರ ಶಾಲೆಯ ಜಗಲಿ ಎಲ್ಲವನ್ನೂ ಹಾದು ಕೆರೆ ಏರಿಯವರೆಗೆ ಹೋಗುತ್ತದೆ. ಮೇಲೆ ದೊಡ್ಡ ಡಾಕ್ಟರು ಒಬ್ಬರೇ. ಅವರನ್ನು ಬೇರೆ ಊರುಗಳೂ ಹಂಚಿಕೊಂಡಿವೆ. ಒಬ್ಬ ರೋಗಿ ಒಳಗೆ ಹೋದರೆ ಹೊರಗಿನ ಕುರ್ಚಿಗಳೆಲ್ಲ ತಾವಾಗಿಯೇ ಒಂದು ಹೆಜ್ಜೆ ಮುಂದಕ್ಕೆ ಇಡುತ್ತವೆ. ಶಾಲೆ ಬಿಟ್ಟಾಗ ಬೆಂಚು ಸರಿಸಿದಂಥ ಸದ್ದು ಗುಡ್ಡದಿಂದ ಹೊರಟು ಕೆರೆಯವರೆಗೆ ಉರುಳಿಕೊಂಡು ಹೋಗುತ್ತದೆ. ಅಡುಗೆಮನೆಯಲ್ಲಿರುವ ಹೆಂಗಸರು "ಯಾರದೋ ಆಯ್ತು" ಎಂದು ಹೇಳಿ ಒಗ್ಗರಣೆಗೆ ಸಾಸಿವೆ ಹಾಕುತ್ತಾರೆ.

ರೋಗಿ ವರ್ಷಗಟ್ಟಲೆ ಕೂತು ಸವೆಸಿದ ಕುರ್ಚಿಯೇ ಆಗಬೇಕು. ಅಂಗಡಿಯಿಂದ ತಂದ ಹೊಸ ಕುರ್ಚಿ ಇಟ್ಟಲ್ಲಿಂದ ಕದಲುವುದಿಲ್ಲ. ಹಾಗಾಗಿ ನಮ್ಮಲ್ಲಿ ಮದುವೆಯಾಗಿ ಬರುವ ಹೆಣ್ಣು ಪಾತ್ರೆ ಪಡಗದ ಜೊತೆ ತನ್ನ ಕುರ್ಚಿಯನ್ನೂ ತರುತ್ತಾಳೆ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕುರ್ಚಿ ಸಾಲಿನಲ್ಲಿದ್ದರೆ ಸಾಕು, ರೋಗಿ ಮನೆಯಲ್ಲಿರಬಹುದು. ಆದರೆ ಆಸ್ಪತ್ರೆಯ ಹೊಸ್ತಿಲು ದಾಟುವಾಗ ಅದರಲ್ಲಿ ಕೂತಿರಲೇಬೇಕು. ಬರಿದಾದ ಕುರ್ಚಿ ಹೊಸ್ತಿಲಿನಿಂದ ತಿರುಗಿ ಕೆರೆ ಏರಿಗೆ ಹೋಗಿ ನಿಲ್ಲುತ್ತದೆ. ಕಾಯುತ್ತಿರುವಾಗಲೇ ಯಾರಾದರೂ ತೀರಿಕೊಂಡರೆ ಅವರ ಕುರ್ಚಿ ಸಾಲಿನಿಂದ ಹೊರಗೆ ಬಂದು ಮನೆಯ ಕಡೆ ನಡೆಯುತ್ತದೆ. ಬೀದಿಯಲ್ಲಿ ಒಂಟಿ ಕುರ್ಚಿ ಎದುರಾದರೆ ನಾವು ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತು ದಾರಿ ಕೊಡುತ್ತೇವೆ.

ವನಜಾಕ್ಷಿ ನನ್ನ ಹೆಂಡತಿ. ಬೀದಿಯವರಿಗೆಲ್ಲ ಬ್ಲೌಸ್ ಹೊಲಿದು ಕೊಡುತ್ತಾಳೆ. ಹಪ್ಪಳ ಒಣಗಿಸಲು ತಾರಸಿಗೆ ಹೋಗುವಾಗ ನಡುಮೆಟ್ಟಿಲಿನಲ್ಲಿ ಕೂತುಬಿಡುವುದು ಅವಳಿಗೆ ಅಭ್ಯಾಸವಾಯಿತು. ಯಾಕೆ ಎಂದು ಕೇಳಿದರೆ, "ಇಲ್ಲಿ ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದಳು. ಮೂರು ಕಡೆ ಗೋಡೆ ಇರುವ ಮೆಟ್ಟಿಲು ಅದು. ಸಣ್ಣ ಡಾಕ್ಟರು ಅವಳ ಎದೆಗೆ ಕಿವಿಗೊಟ್ಟು, ಒಳಗಿನ ಒಂದು ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ ಎಂದರು. ನನ್ನ ಜೀವನದಲ್ಲಿ ನಾನು ಹಿಂದಕ್ಕೆ ಹೋಗಿ ಎಳೆದು ನೋಡಲಾಗದ ಬಾಗಿಲು ಅದೊಂದೇ.

"ಕುರ್ಚಿ ಇಡಿ. ಮುಂದಿನ ಮಳೆಗಾಲ ಮಾತ್ರ ದಾಟಿಸಬೇಡಿ," ಎಂದರು ಡಾಕ್ಟರು.

"ಅದು ನಮ್ಮ ಕೈಲಿ ಇದೆಯಾ ಸಾರ್?"

"ನನ್ನ ಕೈಲೂ ಇಲ್ಲ. ಹೇಳೋದು ನನ್ನ ಕೆಲಸ, ಹೇಳಿದೀನಿ."

ಅವಳ ಕುರ್ಚಿ ಎಂದರೆ ಹೊಲಿಗೆ ಮಿಷಿನ್ನಿನ ಮುಂದಿನದು. ಕೈಗಳಿಲ್ಲದ, ನೇರ ಬೆನ್ನಿನ ಹಳೇ ಮರದ ಕುರ್ಚಿ. ಅದನ್ನು ಸಾಲಿಗೆ ಇಟ್ಟ ಮೇಲೆ ಅವಳು ಸ್ಟೂಲಿನ ಮೇಲೆ ಕೂತು ಹೊಲಿಯತೊಡಗಿದಳು. ಮಿಷಿನ್ನಿನ ಚಕ್ರದ ಕಡೆಗೆ, ಅಂದರೆ ಬಲಕ್ಕೆ ವಾಲಿ ಕೂರುವುದು ಅವಳ ಪದ್ಧತಿ. ಸ್ಟೂಲು ಅದಕ್ಕೆ ಒಗ್ಗದೆ ಎರಡು ಸಲ ಮಗುಚಿತು. "ನನ್ನ ಕುರ್ಚಿ ನನಗಿಂತ ಮುಂಚೆ ಊರು ಸುತ್ತೋಕೆ ಹೋಯ್ತು" ಎಂದು ಗೊಣಗುತ್ತ, ಸಂಜೆಯಾದರೆ ಕೈಹೊಲಿಗೆಯ ಕೆಲಸ ತೆಗೆದುಕೊಂಡು ಸಾಲಿಗೇ ಹೋಗಿ ಕೂರುತ್ತಿದ್ದಳು. ಅಲ್ಲಿಯೇ ಹುಕ್ಕು ಹಾಕಿಸಿಕೊಳ್ಳುವ ಗಿರಾಕಿಗಳೂ ಸಿಕ್ಕರು. ಅವಳ ಮುಂದೆ ಬ್ಯಾಂಕಿನ ಸದಾನಂದರಾಯರ ಚಕ್ರದ ಕುರ್ಚಿ, ಆಫೀಸಿನಲ್ಲಿ ಕೂತು ತಿರುಗುವಂಥದ್ದು. ಹಿಂದೆ ಪುರಿ ಮಾರುವ ಹನುಮಕ್ಕನ ಮಣೆ. ಹನುಮಕ್ಕ ಜನ್ಮದಲ್ಲಿ ಕುರ್ಚಿಯ ಮೇಲೆ ಕೂತವಳಲ್ಲ. ಮಣೆಗೆ ಕಾಲಿಲ್ಲವಾದ್ದರಿಂದ ಅದು ಜಾರಿಕೊಂಡೇ ಬರುತ್ತಿತ್ತು.

ಕಾಲು ಅಲುಗಾಡುವುದನ್ನು ನೋಡಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಇಳಿಜಾರಿನಲ್ಲಿ ಏರುವಾಗ ಮುರಿದರೆ? ಹೊಸ್ತಿಲಿನಲ್ಲಿ ಅವಳನ್ನು ಬೀಳಿಸಿದರೆ? ವೀರಾಚಾರಿಯ ಅಂಗಡಿಯ ಮುಂದೆಯೇ ಇದೆಯಲ್ಲ, ಸ್ವಲ್ಪ ಬಿಗಿ ಮಾಡಿಸೋಣ ಎಂದು ಅವನನ್ನು ಕರೆದು ತೋರಿಸಿ ಡೇರಿಗೆ ಹೋದೆ. ಸಂಜೆ ಬಂದು ನೋಡಿದರೆ ಕುರ್ಚಿ ಬಂಡೆಯ ಹಾಗೆ ನಿಂತಿತ್ತು. ಹಿಂದಿನ ಎಡಗಾಲು ಹೊಚ್ಚ ಹೊಸದು.

"ಹಳೇದರ ತಲೆ ಹುಳ ತಿಂದಿತ್ತು ಕೇಶವಣ್ಣ," ಎಂದ ವೀರಾಚಾರಿ. "ಬಿಗಿ ಮಾಡೋಕೆ ಏನೂ ಉಳಿದಿರಲಿಲ್ಲ. ಹಲಸಿನ ಮರದ್ದು ಹಾಕಿದೀನಿ. ಕುರ್ಚಿ ಹೋದ್ರೂ ಕಾಲು ಹೋಗಲ್ಲ."

ಹೊಸ ಕುರ್ಚಿ ನಡೆಯುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಹೊಸ ಕಾಲಿನ ವಿಷಯ ಯಾರೂ ಯಾವತ್ತೂ ಯೋಚಿಸಿರಲಿಲ್ಲ. ಬೆತ್ತ ಬದಲಾಯಿಸಿದವರಿದ್ದರು, ಬಣ್ಣ ಹೊಡೆಸಿದವರಿದ್ದರು. ನಾನೂ ವೀರಾಚಾರಿಗೆ ವಂದನೆ ಹೇಳಿಯೇ ಮನೆಗೆ ಹೋದೆ.

ಮರುದಿನ ಸಾಲು ಹೆಜ್ಜೆ ಇಟ್ಟಾಗ ನಾನು ಅಲ್ಲಿಯೇ ಇದ್ದೆ. ರಾಯರ ಕುರ್ಚಿ ಮುಂದಕ್ಕೆ ಉರುಳಿತು. ಹನುಮಕ್ಕನ ಮಣೆ ಜಾರಿ ಬಂದು ವನಜಾಕ್ಷಿಯ ಕುರ್ಚಿಗೆ ಡಿಕ್ಕಿ ಹೊಡೆಯಿತು. ವನಜಾಕ್ಷಿಯ ಕುರ್ಚಿ ನಿಂತಲ್ಲೇ ನಿಂತಿತ್ತು.

"ಏನಪ್ಪ ಕೇಶವ," ಎಂದಳು ಮಣೆಯ ಮೇಲೆ ಕೂತಿದ್ದ ಹನುಮಕ್ಕ, "ನಿನ್ನ ಹೆಂಡ್ತಿ ಕುರ್ಚಿಗೆ ಮುನಿಸು ಬಂತಾ?"

ನಾನು ಕುರ್ಚಿಯನ್ನು ಎತ್ತಿ ಖಾಲಿ ಜಾಗದಲ್ಲಿ ಇಟ್ಟೆ. ಹಾಗೆ ಮಾಡಿ ಉಪಯೋಗವಿಲ್ಲ ಎಂದು ಗೊತ್ತಿದ್ದೇ ಇಟ್ಟೆ. ಮಧ್ಯಾಹ್ನ ಸಾಲು ಮತ್ತೆ ಕದಲಿದಾಗ ಅದು ಹೊಸ ಕಾಲನ್ನು ಎಳೆದುಕೊಂಡು ಸಾಲಿನಿಂದ ಹೊರಗೆ ಬಂದು, ವೀರಾಚಾರಿಯ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು, ಬಸ್ಸಿಗೆ ಕಾಯುವವರ ಹಾಗೆ ನಿಂತುಕೊಂಡಿತು. ಮಣೆ ಅದನ್ನು ದಾಟಿ ಮುಂದೆ ಹೋಯಿತು.

ಕುರ್ಚಿ ಸಾಲು ಬಿಟ್ಟಿತು ಎಂಬ ಸುದ್ದಿ ನನಗಿಂತ ಮೊದಲು ನಮ್ಮ ಬೀದಿಗೆ ಮುಟ್ಟಿತ್ತು. ನಾನು ಓಡುತ್ತ ಮನೆಗೆ ಬಂದರೆ ಬಾಗಿಲಲ್ಲಿ ನಾಲ್ಕಾರು ಜನ ಚಪ್ಪಲಿ ಬಿಟ್ಟು ನಿಂತಿದ್ದರು. ಒಳಗೆ ಮಿಷಿನ್ನಿನ ಸದ್ದು ಕೇಳುತ್ತಿತ್ತು. ವನಜಾಕ್ಷಿ ತಲೆ ಎತ್ತಿ, "ಏನು ಎಲ್ಲರೂ?" ಎಂದಳು. ಎದುರುಮನೆಯಾಕೆ, "ಏನಿಲ್ಲಮ್ಮ, ಸಕ್ಕರೆ ಇದೆಯಾ ಅಂತ ಕೇಳೋಣ ಅಂತ ಬಂದ್ವಿ," ಎಂದರು. ವನಜಾಕ್ಷಿ ಎಲ್ಲರಿಗೂ ಒಂದೊಂದು ಲೋಟ ಸಕ್ಕರೆ ಕೊಟ್ಟು ಕಳಿಸಿದಳು. ಆಮೇಲೆ ನನ್ನ ಮುಖ ನೋಡಿದಳು. ನಡೆದದ್ದನ್ನೆಲ್ಲ ಹೇಳಿದೆ. ಕೆರೆ ಏರಿಯಿಂದ ಮತ್ತೆ ಶುರು ಮಾಡಿದರೆ ಮುಂದಿನ ಮಳೆಗಾಲವಲ್ಲ, ಅದರಾಚೆಯದೂ ಸಾಲದು ಎನ್ನುವುದನ್ನು ಮಾತ್ರ ಹೇಳಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ಅವಳು ಸ್ಟೂಲನ್ನು ಮಿಷಿನ್ನಿನ ಹತ್ತಿರಕ್ಕೆ ಎಳೆದುಕೊಂಡು, "ಹೊಸ ಕಾಲಾದ್ರೂ ಚೆನ್ನಾಗಿದೆಯಾ?" ಎಂದು ಕೇಳಿದಳು.

"ಹಲಸಿನದು."

"ಒಳ್ಳೇದು," ಎಂದು ಹೇಳಿ ಸೂಜಿಗೆ ದಾರ ಪೋಣಿಸಿದಳು. ಸಾಮಾನ್ಯವಾಗಿ ಒಂದೇ ಸಲಕ್ಕೆ ಪೋಣಿಸುವವಳಿಗೆ ಅವತ್ತು ದಾರ ಮೂರು ಸಲ ತಪ್ಪಿತು. ನಾನು ನೋಡದ ಹಾಗೆ ನಟಿಸಿದೆ.

ಮಾರನೆಯ ಬೆಳಿಗ್ಗೆ ಆಸ್ಪತ್ರೆಯ ಬಾಗಿಲಿಗೆ ಹೋಗಿ ನರ್ಸಮ್ಮನಿಗೆ ಎಲ್ಲವನ್ನೂ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಕುರ್ಚಿ ವಿಷಯ ನಮಗೆ ಗೊತ್ತಿಲ್ಲ ಸಾರ್. ಹೊಸ್ತಿಲಿಗೆ ಯಾರು ಕೂತ್ಕೊಂಡು ಬರ್ತಾರೋ ಅವರನ್ನ ಒಳಗೆ ಬಿಡ್ತೀವಿ," ಎಂದರು. ನಾನು ಸರಿ ಎಂದೆ. ಅವರ ಮಾತಿನಲ್ಲಿ ತಪ್ಪು ಇರಲಿಲ್ಲ. ಇಳಿದು ಬರುವಾಗ ಹನುಮಕ್ಕ ಕೆಳಗಿನಿಂದಲೇ ಕೂಗಿದಳು.

"ಬಾ ಕೇಶವ, ಬಾ. ನಿನ್ನ ಹೆಂಡ್ತಿ ಬಹಳ ಇಳಿದು ಹೋಗವ್ಳೆ ನೋಡು."

ರಾಯರ ಚಕ್ರದ ಕುರ್ಚಿಗೂ ಹನುಮಕ್ಕನ ಮಣೆಗೂ ನಡುವೆ ಒಂದು ಕುರ್ಚಿಯಷ್ಟು ಜಾಗ ಹಾಗೆಯೇ ಉಳಿದಿತ್ತು. ಆ ಜಾಗದಲ್ಲಿ ಒಂದು ಮರದ ಕಾಲು ನೆಟ್ಟಗೆ ನಿಂತಿತ್ತು. ಹುಳ ತಿಂದ ತಲೆಯನ್ನು ಯಾರೋ ಗರಗಸದಲ್ಲಿ ಕೊಯ್ದು ತೆಗೆದಿದ್ದರು. ಆದರೂ ಗುರುತು ಸಿಕ್ಕಿತು. ವನಜಾಕ್ಷಿಯ ಕತ್ತರಿ ಬಿದ್ದು ಆದ ಗಾಯ ಅದರ ಮೇಲಿತ್ತು.

ವೀರಾಚಾರಿ ಅಂಗಡಿಯಿಂದ ಹೊರಗೆ ಬಂದು ತಲೆ ಕೆರೆದುಕೊಂಡ. "ಕಿಟಕಿ ಬಾಗಿಲಿಗೆ ಒತ್ತು ಕೊಡೋಕೆ ಇಟ್ಕೊಂಡಿದ್ದೆ ಕೇಶವಣ್ಣ. ನಿನ್ನೆಯಿಂದ ನಿಲ್ಲಿಸಿದಾಗೆಲ್ಲ ಬೀಳ್ತಾ ಇತ್ತು. ಕಿಟಕಿ ನನ್ನ ಕೈ ಮೇಲೆ ಎರಡು ಸಲ ಬಡೀತು. ಬೆಳಿಗ್ಗೆ ನೋಡಿದ್ರೆ ಇಲ್ಲಿ ಬಂದು ನಿಂತಿದೆ."

ನಾವು ಮಾತಾಡುತ್ತಿರುವಾಗಲೇ ಸಾಲು ಕದಲಿತು. ರಾಯರ ಕುರ್ಚಿ ಉರುಳಿತು, ಕಾಲು ಒಂಟಿಯಾಗಿ ಒಂದು ಕುಪ್ಪಳಿಕೆ ಹಾಕಿತು, ಮಣೆ ಜಾರಿತು. ಎಲ್ಲ ಸರಿಯಾಗಿತ್ತು.

ಯಾರು ಬೇಕಾದರೂ ಅದನ್ನು ಎತ್ತಿ ಬೇಲಿಗೆ ಎಸೆಯಬಹುದಿತ್ತು. ಎಲ್ಲರಿಗಿಂತ ಹೆಚ್ಚಾಗಿ ಹನುಮಕ್ಕ. ಅವಳ ಪಾದಗಳೂ ಆ ದಿನಗಳಲ್ಲಿ ಊದಿಕೊಂಡಿದ್ದವು. ಪುರಿಯ ಬುಟ್ಟಿಯನ್ನು ಹೊರುವುದು ಬಿಟ್ಟು ಎಳೆಯುತ್ತಿದ್ದಳು. ಒಂದು ಹೆಜ್ಜೆ ಮುಂದೆ ಹೋಗುವುದು ಅವಳಿಗೆ ಸಣ್ಣ ವಿಷಯವಲ್ಲ. ನನಗೆ ತಡೆಯಲಾಗದೆ ಕೇಳಿಯೇಬಿಟ್ಟೆ.

"ಯಾಕಕ್ಕ ಇದನ್ನ ತೆಗೆದು ಹಾಕಲಿಲ್ಲ?"

"ಕೆರೆ ಏರಿಯಿಂದ ನಿನ್ನ ಹೆಂಡ್ತಿ ಜಡೆ ನೋಡ್ಕೊಂಡು ಬಂದೀನಿ," ಎಂದಳು ಹನುಮಕ್ಕ. "ಇನ್ನು ಮೇಲಕ್ಕೆ ಈ ರಾಯನ ಬೋಳುತಲೆ ನೋಡ್ಕೊಂಡು ಹೋಗ್ಲಾ?"

ರಾಯರು ತಿರುಗುವ ಕುರ್ಚಿಯಲ್ಲಿ ಅರ್ಧ ತಿರುಗಿ, "ನನಗೆ ಕೇಳಿಸ್ತು," ಎಂದರು.

"ಕೇಳಲಿ ಅಂತಲೇ ಹೇಳಿದ್ದು ಸ್ವಾಮಿ."

ಮುಂದೇನು ಮಾಡುವುದು ಎಂದು ಎಲ್ಲರೂ ಸೇರಿ ಯೋಚಿಸಿದೆವು. ವೀರಾಚಾರಿ ಹೊಸ ಕಾಲನ್ನು ಬಿಚ್ಚಿದ. ಮೂರು ಕಾಲಿನ ಕುರ್ಚಿಯನ್ನು ತಂದು, ಹಳೇ ಕಾಲು ತನ್ನ ಮೂಲೆಯ ಅಡಿಗೆ ಬರುವ ಹಾಗೆ ಇಟ್ಟೆವು. ತಲೆ ಕೊಯ್ದಿದ್ದರಿಂದ ಅದು ಗಿಡ್ಡವಾಗಿತ್ತು. ಮೇಲೆ ಬೆರಳು ತೂರುವಷ್ಟು ಸಂದು ಉಳಿಯಿತು. ಮೊಳೆ ಹೊಡೆಯೋಣವೇ ಎಂದು ಕೇಳಿದರೆ ವೀರಾಚಾರಿ ಎರಡು ಹೆಜ್ಜೆ ಹಿಂದೆ ಸರಿದ. "ನನ್ನ ಕೈಯಿಂದ ಇನ್ನೊಂದು ಮೊಳೆಯೂ ಬೇಡ. ಆಗಿದ್ದು ಸಾಕು." ಹಗ್ಗದಲ್ಲಿ ಕಟ್ಟೋಣ ಎಂದೆ. "ಹಗ್ಗವೂ ಹೊಸದೇ ಅಲ್ವೇನಪ್ಪ," ಎಂದಳು ಹನುಮಕ್ಕ. ಸಾಲು ಕದಲಿತು. ಮೂರು ಕಾಲೂ ಒಂಟಿ ಕಾಲೂ ಒಟ್ಟಿಗೆ ಹೆಜ್ಜೆ ಇಟ್ಟವು, ಆದರೆ ಕುರ್ಚಿ ಹಿಂದಕ್ಕೆ ವಾಲಿತು. ನಾನು ಓಡಿಹೋಗಿ ಆ ಮೂಲೆಯನ್ನು ಹಿಡಿದುಕೊಂಡೆ. ಹಿಡಿದವನು ಬಿಡಲಿಲ್ಲ.

ಡೇರಿಯಲ್ಲಿ ರಜೆ ಕೇಳಿದೆ. ಕಾರಣ ಏನು ಎಂದಾಗ ಕುರ್ಚಿ ಹಿಡಿಯುವುದು ಎಂದೆ. ಮ್ಯಾನೇಜರು ಬೇರೇನೂ ಕೇಳಲಿಲ್ಲ. ಅವರ ಅತ್ತೆಯ ಕುರ್ಚಿ ಆಗ ಶಾಲೆಯ ಜಗಲಿಯಲ್ಲಿತ್ತು.

ಅಂದಿನಿಂದ ಆಸ್ಪತ್ರೆಯ ಬಾಗಿಲು ತೆರೆದಿರುವ ಹೊತ್ತೆಲ್ಲ ನಾನು ಬಗ್ಗಿ, ಕುರ್ಚಿಯ ಎಡ ಹಿಂಮೂಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ. ಕದಲುವುದು ಯಾವಾಗ ಎಂದು ಹೇಳಲು ಬರುವುದಿಲ್ಲ. ಕೆಲವು ದಿನ ಬೆಳಿಗ್ಗೆಯೇ ಎರಡು ಹೆಜ್ಜೆ. ಕೆಲವು ವಾರ ದೊಡ್ಡ ಡಾಕ್ಟರು ಬೇರೆ ಊರಿಗೆ ಹೋಗಿ ಸಾಲು ಸತ್ತಂತೆ ಬಿದ್ದಿರುತ್ತಿತ್ತು. ಆಗಲೂ ನಾನು ಹಿಡಿದೇ ಇರುತ್ತಿದ್ದೆ, ಹೇಳಲು ಬರುವುದಿಲ್ಲವಲ್ಲ. ಮೂತ್ರಕ್ಕೆ ಹೋಗಬೇಕಾದರೆ ವೀರಾಚಾರಿ ಬಂದು ಹಿಡಿಯುತ್ತಿದ್ದ. ಸೊಂಟ ನೋವು ಕಾಲಿಗೆ ಇಳಿಯಿತು. ರಸ್ತೆಯಲ್ಲಿ ಹೋಗುವವರ ಮಂಡಿಗಳ ಪರಿಚಯ ನನಗೆ ಚೆನ್ನಾಗಿ ಆಯಿತು.

"ಎಮ್ಮೆ ಕರೆಯೋನ ಹಾಗೆ ಕಾಣ್ತೀಯ," ಎನ್ನುತ್ತಿದ್ದಳು ಹನುಮಕ್ಕ ಹಿಂದಿನಿಂದ. "ಡೇರಿ ಕೆಲಸ ಅಭ್ಯಾಸ ಆಗ್ಬಿಟ್ಟಿದೆ." ಹಾಗೆನ್ನುತ್ತಲೇ ಒಂದು ಹಿಡಿ ಪುರಿಯನ್ನು ನನ್ನ ಬಾಯಿಗೆ ಹಾಕುತ್ತಿದ್ದಳು. ಕೈ ಖಾಲಿ ಇರಲಿಲ್ಲವಲ್ಲ.

ವನಜಾಕ್ಷಿ ಈಗ ಸಂಜೆ ಮಾತ್ರವಲ್ಲ, ಬಿಸಿಲು ಇಳಿದ ಕೂಡಲೇ ಬಂದು ಕುರ್ಚಿಯಲ್ಲಿ ಕೂರುತ್ತಿದ್ದಳು. ಬರುವಾಗ ಏರಿನಲ್ಲಿ ಎಲ್ಲೆಲ್ಲಿ ನಿಲ್ಲುತ್ತಾಳೆ ಎಂದು ನಾನು ಬಗ್ಗಿದಲ್ಲಿಂದಲೇ ನೋಡುತ್ತಿದ್ದೆ. ಮೊದಲು ಗಿರಣಿಯ ಹತ್ತಿರ ಮಾತ್ರ ನಿಲ್ಲುತ್ತಿದ್ದವಳು ಆಮೇಲೆ ದೀಪದ ಕಂಬಕ್ಕೊಮ್ಮೆ ನಿಲ್ಲತೊಡಗಿದಳು. ಬಂದು ಕೂತು, ಉಸಿರು ಹತೋಟಿಗೆ ಬಂದ ಮೇಲೆ, "ಊಟ ಮಾಡಿದ್ರಾ?" ಎಂದು ಕೇಳುತ್ತಿದ್ದಳು. ತುಟಿಯ ಬಣ್ಣ ನನಗೆ ಕಾಣದಿರಲಿ ಎಂದು ಆ ಕಡೆ ತಿರುಗಿಯೇ ಕೇಳುತ್ತಿದ್ದಳು.

"ಭಾರ ಆಗ್ತಾ ಇದೆಯಾ ನಿಮಗೆ?" ಎಂದು ಒಮ್ಮೆ ಕೇಳಿದಳು.

"ಇಲ್ಲ. ನೀನು ಕೂತರೂ ಅಷ್ಟೇ, ಕೂರದಿದ್ದರೂ ಅಷ್ಟೇ," ಎಂದೆ. ಅದು ನಿಜವೇ ಆಗಿತ್ತು. ಅವಳು ಅಷ್ಟು ಬಡವಾಗಿದ್ದಾಳೆ ಎಂದು ನಾನು ಅಂದುಕೊಂಡೆ. ಅವಳು ಏನೋ ಹೇಳಲು ಹೋಗಿ, ಹೇಳದೆ, ಒಂದು ಬ್ಲೌಸಿನ ತೋಳನ್ನು ತಿರುವಿ ಹಾಕಿದಳು.

ಗುಡ್ಡದ ಆಚೆ ಮೋಡ ಕಟ್ಟಲು ಶುರುವಾಗಿತ್ತು. ನಾನು ಮೋಡ ನೋಡುವುದು, ಮುಂದಿನ ಕುರ್ಚಿಗಳನ್ನು ನೋಡುವುದು, ಮತ್ತೆ ಮೋಡ ನೋಡುವುದು. ಒಂದು ಮಧ್ಯಾಹ್ನ ರಾಯರ ಕುರ್ಚಿ ಹೊಸ್ತಿಲು ದಾಟಿ ಒಳಗೆ ಹೋಯಿತು. ರಾಯರು ಹೋಗುವ ಮುಂಚೆ ತಿರುಗಿ, ಹನುಮಕ್ಕನಿಗೆ ಕೈಮುಗಿದು ತಮ್ಮ ತಲೆಯನ್ನು ಒಮ್ಮೆ ಸವರಿಕೊಂಡರು. ಮರುದಿನ ವನಜಾಕ್ಷಿಯ ಸರದಿ.

ಅವಳನ್ನು ಆಟೋದಲ್ಲಿ ಗುಡ್ಡ ಹತ್ತಿಸಿ ಬೆಳಿಗ್ಗೆಯೇ ತಂದು ಕೂರಿಸಿದೆ. ಹಸಿರು ಸೀರೆ ಉಟ್ಟಿದ್ದಳು. ಹೊಲಿಯಲು ಏನೂ ತಂದಿರಲಿಲ್ಲ. ಕೈಗಳನ್ನು ಏನು ಮಾಡುವುದು ತಿಳಿಯದೆ ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟುಕೊಂಡಿದ್ದಳು. ನಾನು ಬಗ್ಗಿ ಮೂಲೆ ಹಿಡಿದೆ. ಬಾಗಿಲು ತೆರೆಯಿತು. ಹೊಸ್ತಿಲಿನವರೆಗೆ ನಾವು ಮೂವರೂ ಹೋದೆವು, ಅವಳು, ಕುರ್ಚಿ ಮತ್ತು ನಾನು. ಅಲ್ಲಿ ನರ್ಸಮ್ಮ ಕೈ ಅಡ್ಡ ಹಿಡಿದರು.

"ಪೇಷೆಂಟ್ ಮಾತ್ರ ಸಾರ್."

"ನಾನು ಬರ್ತಾ ಇಲ್ಲಮ್ಮ. ನಾನು ಕುರ್ಚಿ ಕಾಲು," ಎಂದೆ.

"ಕಾಲು ಅಲ್ಲೇ ಇದೆಯಲ್ಲ."

"ಅದು ಸುಮ್ಮನೆ ನಿಂತಿರೋದು. ಬಿಟ್ಟರೆ ಬೀಳ್ತಾರೆ. ಬಿದ್ದರೆ ಕುರ್ಚಿ ಬರಿದಾಗುತ್ತೆ."

"ಕೂತ್ಕೊಂಡು ಬಂದೋರು ಒಬ್ಬರೇ ಒಳಗೆ," ಎಂದರು ಅವರು. ಕೋಪದಿಂದ ಹೇಳಲಿಲ್ಲ. ಹಿಂದೆ ಕೆರೆ ಏರಿಯವರೆಗೆ ಸಾಲು ಕಾಯುತ್ತಿತ್ತು. ನನ್ನ ಕೈ ಬೆವತು ಮರ ಜಾರುತ್ತಿತ್ತು. ಬಿಡಬೇಕು ಎಂದು ಗೊತ್ತಿತ್ತು. ಬೆರಳುಗಳಿಗೆ ಹೇಳಿದೆ, ಅವು ಕೇಳಲಿಲ್ಲ.

ವನಜಾಕ್ಷಿ ತಿರುಗಿ ನೋಡಲಿಲ್ಲ. ಎಡಗೈಯನ್ನು ಹಿಂದಕ್ಕೆ ತಂದು, ಬಾಬಿನ್ನಿನಿಂದ ದಾರ ಬಿಡಿಸುವ ಹಾಗೆ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬಿಡ್ರಿ," ಎಂದಳು. "ನಾನು ಕೂತಿದೀನಿ."

ಬಿಟ್ಟೆ. ಕುರ್ಚಿ ಅಲುಗಲಿಲ್ಲ. ಅವಳು ಮಿಷಿನ್ನಿನ ಮುಂದೆ ಕೂತಂತೆ ಬಲಕ್ಕೆ ವಾಲಿ ಕೂತಿದ್ದಳು. ಮೂರು ಕಾಲು ಹೆಜ್ಜೆ ಇಟ್ಟವು, ನಾಲ್ಕನೆಯದು ತನ್ನ ಪಾಡಿಗೆ ಒಂದು ಕುಪ್ಪಳಿಕೆ ಹಾಕಿ ಹೊಸ್ತಿಲು ದಾಟಿತು. ಬಾಗಿಲು ಮುಚ್ಚಿತು. ಬೆಂಚು ಎಳೆದ ಸದ್ದು ನನ್ನ ಬೆನ್ನ ಹಿಂದೆ ಹುಟ್ಟಿ ಕೆಳಗೆ ಕೆಳಗೆ ಹೋಯಿತು. ಹನುಮಕ್ಕನ ಮಣೆ ಜಾರಿ ಬಂದು ನನ್ನ ಹಿಮ್ಮಡಿಗೆ ತಾಗಿತು.

"ಕೈ ಇಳಿಸಪ್ಪ ಇನ್ನ," ಎಂದಳು ಅವಳು. ನಾನು ಇನ್ನೂ ಬಗ್ಗಿಕೊಂಡೇ ಏನನ್ನೋ ಹಿಡಿದವನಂತೆ ನಿಂತಿದ್ದೆ.

ಮಳೆ ಬಂದು ಹೋಯಿತು. ವನಜಾಕ್ಷಿ ಈಗ ತಾರಸಿಗೆ ಒಂದೇ ಉಸಿರಿನಲ್ಲಿ ಹತ್ತುತ್ತಾಳೆ. ಹತ್ತಿದ ಮೇಲೆ ನಾನು ಹಿಂದೆಯೇ ಹೋಗಿ ನೋಡುತ್ತೇನೆ. ಹನುಮಕ್ಕ ಪುರಿಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ನಮ್ಮ ಬೀದಿಗೆ ಬರುತ್ತಾಳೆ, ಬಂದಾಗಲೆಲ್ಲ ಎಮ್ಮೆ ಹೇಗಿದೆ ಎಂದು ಕೇಳುತ್ತಾಳೆ. ಕುರ್ಚಿ ಮಿಷಿನ್ನಿನ ಮುಂದಕ್ಕೆ ಬಂದಿದೆ. ಎಡ ಹಿಂಗಾಲು ಅದರಡಿಯಲ್ಲಿ ಯಾವುದಕ್ಕೂ ತಾಗದೆ ತನ್ನಷ್ಟಕ್ಕೆ ನಿಂತಿದೆ. ಮೊನ್ನೆ ಅವಳು ಹೊಲಿಯುವಾಗ ಕೆಳಗೆ ಬಿದ್ದ ಬಟನ್ನನ್ನು ಹುಡುಕಲು ಬಗ್ಗಿದವನು ಅದನ್ನು ಬಹಳ ಹೊತ್ತು ನೋಡಿದೆ. ಅವಳ ಕಾಲು ಪೆಡಲು ತುಳಿಯುತ್ತಿತ್ತು, ಕುರ್ಚಿಯ ಮೂರು ಕಾಲು ನೆಲಕ್ಕೆ ಒತ್ತಿದ್ದವು. ಬೆರಳು ತೂರುವಷ್ಟು ಸಂದು ಸಂದಾಗಿಯೇ ಇತ್ತು.

"ನೀನು ಈ ಮೂಲೆ ಮೇಲೆ ಭಾರವೇ ಹಾಕಲ್ಲ," ಎಂದೆ.

"ಯಾವತ್ತೂ ಹಾಕಿದವಳಲ್ಲ. ಭಾರ ಬೀಳದ ಕಾಲು ಸಡಿಲ ಆಗದೆ ಏನಾಗುತ್ತೆ?"

"ಗೊತ್ತಿದ್ದೂ ನಾನು ಗುಡ್ಡದುದ್ದಕ್ಕೂ ಬಗ್ಗಿಕೊಂಡು ಬರೋದನ್ನ ನೋಡ್ತಾ ಕೂತಿದ್ದೆಯಾ?"

ಅವಳು ಕೆಲಸ ನಿಲ್ಲಿಸಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಡಿದು, ಬ್ಲೌಸಿನ ತೋಳನ್ನು ತಿರುಗಿಸಿ ಮತ್ತೆ ಸೂಜಿಯ ಕೆಳಗೆ ಇಟ್ಟಳು.

"ಹಿಡ್ಕೊಳ್ಳೋಕೆ ಏನೂ ಇಲ್ಲದಿದ್ರೆ ನಿಮ್ಮ ಎದೆ ತಡೀತಿತ್ತೇನ್ರಿ? ಒಂದು ಮನೆಯಿಂದ ಸಾಲಿಗೆ ಒಂದು ಕುರ್ಚಿ ಸಾಕು ಅಂತ ಸುಮ್ಮನಿದ್ದೆ."